ಫೋಟೋ ಬೆಲ್ಟು

“ನಾಲ್ಕು ಲಕ್ಷದ ಮಾಲು ಕಣ್ಲಾ ಅದು, ನಿಮ್ಮಪ್ಪನ ಹೆಣ ಅಲ್ಲ ಹಂಗೆ ದಬ್ಬಕ್ಕೆ. ಮೂಲೆ ಏನಾರ ತಗುಲ್ತೋ, ನಿನ್ ಚರ್ಮ ಸುಲ್ದು ಅದ್ಕೆ ಹೊದಿಸ್ತೀನಿ.”

ಕಂಟ್ರಾಕ್ಟರನ ಮೇಸ್ತ್ರಿ ಮಧುಸೂದನ್‌ಗೆ ಎಲ್ಲದರ ಬೆಲೆಯೂ ಬಾಯಿಪಾಠ. ಹೊಸ ಆಂಟೆನಾಕ್ಕೆ ನಾಲ್ಕು ಲಕ್ಷ. ಅದನ್ನು ಮೇಲೆಳೆಯುವ ಹಗ್ಗಕ್ಕೆ ಮೂರು ಸಾವಿರ, ರಾಟೆಗೆ ಎರಡು. ಮೈಗೆ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟಿಗೆ ಆರೂವರೆ ಸಾವಿರ. ಕಂಬ ಹತ್ತುವ ಆಳಿಗೆ ದಿನಕ್ಕೆ ಒಂಬೈನೂರು, ಊಟ ಅವನದೇ. ಆಳು ಬೇಕಾದಷ್ಟು ಸಿಗುತ್ತಾರೆ, ಬೆಲ್ಟು ಸಿಗುವುದಿಲ್ಲ ಎಂದು ಅವನು ನಗುತ್ತಲೇ ಹೇಳುತ್ತಿದ್ದ. ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಜಯರಾಮ ಆಂಟೆನಾದ ಪೆಟ್ಟಿಗೆಯನ್ನು ಟೆಂಪೋದಿಂದ ಇಳಿಸಿಕೊಂಡ. ಇನ್ನೊಂದು ತುದಿಯನ್ನು ಅವನ ಹೆಂಡತಿಯ ತಮ್ಮ ಮೋಹನ್ ಹಿಡಿದಿದ್ದ. ಇಬ್ಬರೂ ಕೊಳ್ಳೇಗಾಲದ ಕಡೆಯವರು. ಜಯರಾಮ ಈ ಮದರಾಸಿನ ಟವರ್‌ಗಳನ್ನು ಹತ್ತತೊಡಗಿ ವರ್ಷಗಳಾದವು. ಈಗ ಬಲಭುಜ ಮೇಲಕ್ಕೆ ಏಳುವುದಿಲ್ಲ, ಅದಕ್ಕೇ ಮೋಹನ್ ಹತ್ತುತ್ತಾನೆ, ಜಯರಾಮ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಆ ಬೀದಿಯಲ್ಲಿ ಫೋನು ನಾಲ್ಕು ಮಾತಿಗೊಮ್ಮೆ ಕಡಿದುಹೋಗುತ್ತಿತ್ತು. ಮೂರಂತಸ್ತಿನ ಒಂದು ಹಳೆಯ ಮನೆಯ ತಾರಸಿಯ ಮೇಲೆ ಕಂಪನಿಯ ಕಂಬವಿತ್ತು. ಅದರ ಹಳೆಯ ಆಂಟೆನಾಗಳಲ್ಲಿ ಒಂದನ್ನು ತೆಗೆದು ಹೊಸದು ಕೂರಿಸಬೇಕು. ಅಷ್ಟೇ ಕೆಲಸ.

ಕೆಲಸಕ್ಕೆ ಮುಂಚೆ ಫೋಟೋ. ಬೆಲ್ಟನ್ನು ಸೈಟಿನಿಂದ ಸೈಟಿಗೆ ಒಯ್ಯುವ ಹುಡುಗ ಪ್ರವೀಣ್ ಬೈಕಿನಿಂದಿಳಿದು ಪ್ಲಾಸ್ಟಿಕ್ ಕವರಿನೊಳಗಿಂದ ಬೆಲ್ಟು ತೆಗೆದ. ಕಿತ್ತಳೆ ಬಣ್ಣದ ನೈಲಾನ್ ಪಟ್ಟಿಗಳು, ಹೊಳೆಯುವ ಕೊಂಡಿಗಳು, ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ಮೊದಲು ಮೋಹನ್ ಹಾಕಿಕೊಂಡು ನಿಂತ, ಕ್ಲಿಕ್. ಬಿಚ್ಚಿ ಜಯರಾಮನಿಗೆ ಕೊಟ್ಟ, ಕ್ಲಿಕ್. ಫೋಟೋಗಳು ಕಂಪನಿಯ ಆ್ಯಪಿಗೆ ಹೋಗಿ, ಅಲ್ಲಿಂದ ಹಸಿರು ಗುರುತು ಬಂದರೇ ಕೆಲಸ ಶುರು. ಬೆಳಗಿನಿಂದ ಆ ಬೆಲ್ಟು ಎರಡು ಕಡೆ ಫೋಟೋ ತೆಗೆಸಿಕೊಂಡು ಬಂದಿತ್ತು. ಇಲ್ಲಿಂದ ಪೆರಂಬೂರಿಗೆ, ಅಲ್ಲಿಂದ ರಾಯಪುರಂಗೆ ಹೋಗಬೇಕಿತ್ತು. ಕಂಟ್ರಾಕ್ಟರನ ಅಷ್ಟೂ ಗ್ಯಾಂಗುಗಳಿಗೆ ಇದ್ದದ್ದು ಅದೊಂದೇ.

ಜಯರಾಮ ಬೆಲ್ಟು ಬಿಚ್ಚದೆ ನಿಂತ.

“ಸಾ, ಇವತ್ತೊಂದಿನ ಇರ್ಲಿ. ಕಂಬ ಎತ್ತರ ಅದೆ. ಮೋಹ್ನ ಹಾಕಂಡ್ ಹತ್ಲಿ.”

“ಅಂಗಾರೆ ಪೆರಂಬೂರ್ನೋರ್ ಫೋಟೋಕ್ಕೆ ನಿನ್ ಚಡ್ಡಿ ಕಳ್ಸ್ಲಾ?” ಮಧುಸೂದನ್ ಕೈ ಚಾಚಿದ. “ಬಿಚ್ಚಲೇ. ಗೀರಾದ್ರೆ ನಿನ್ ಕೂಲೀಲಿ ಹಿಡ್ಕೋತೀನಿ.”

ಬೆಲ್ಟು ಕವರಿಗೆ ಹೋಯಿತು. ಪ್ರವೀಣನ ಬೈಕು ತಿರುವಿನಲ್ಲಿ ಮರೆಯಾಯಿತು.

ಮನೆಯ ಯಜಮಾನ ಗುರುಚರಣ ಆಡಿಟರ್. ಮನೆಯಲ್ಲೇ ಕೂತು ಕೆಲಸ ಮಾಡುವವನು. ಅವನ ಅಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮನೆತನ. ಗೇಟಿನ ಬಳಿ ಇವರ ಮಾತು ಕೇಳಿ ಅವನ ಮುಖ ಅರಳಿತು.

“ನೀವು ಕನ್ನಡದವರಾ? ಭೇಷಾಯ್ತು. ಈ ಬೀದೀಲಿ ಕನ್ನಡ ಕೇಳಿ ರೊಂಬ ದಿವಸ ಆಯ್ತಪ್ಪ. ಅಮ್ಮಾ, ನಮ್ಮವರು ಬಂದಿದಾರೆ, ನೋಡು ಬಾ. ಯಾವೂರು?”

“ಕೊಳ್ಳೇಗಾಲ್ದ್ ತಾವು, ಸಾ.”

“ಓ, ನಮ್ಮ ತಂದೆ ಒಂದ್ಸಲ ಬಂದಿದ್ರು ಆ ಕಡೆ. ಊರೊಳಗಾ ಮನೆ?”

“ಊರಾಚೆ ಸಾ. ಕೇರಿ.”

ಗುರುಚರಣ ತಲೆಯಾಡಿಸಿದ. ಮುಖದ ಮೇಲೆ ನಗು ಇನ್ನೂ ಇತ್ತು, ಕಾಲು ಮಾತ್ರ ಒಂದು ಹೆಜ್ಜೆ ಹಿಂದೆ ಹೋಗಿತ್ತು. ಅಷ್ಟರಲ್ಲಿ ಅವನ ತಾಯಿ ರಮಾಬಾಯಿ ಬಾಗಿಲಿಗೆ ಬಂದರು. ಎಂಬತ್ತರ ಹೆಂಗಸು, ನೇರ ಬೆನ್ನು.

“ಒಳಗಿನ ಮಾಡಿಪಡಿ ಬೇಡ. ಹಿಂದೆ ಕಬ್ಬಿಣದ ಮೆಟ್ಟಿಲಿದೆ, ಅದರಲ್ಲಿ ಹೋಗಲಿ. ಚಪ್ಪಲಿ, ಬೂಟ್ಸು, ಚರ್ಮದ್ದು ಏನೂ ಮೇಲೆ ಬರಕೂಡದು. ಕಂಬದ ನೇರ ಕೆಳಗೇ ದೇವರ ಮನೆ ಇದೆ. ಮಡಿ ಸೀರೆ ಒಣಹಾಕಿದೀನಿ, ಆ ಕಡೆ ಸುಳೀಬೇಡಿ.”

“ಬೂಟು ಚರ್ಮದ್ದಲ್ಲ ತಾಯಿ, ರಬ್ಬರು,” ಎಂದ ಮೋಹನ್.

“ನಿಮಗೆ ಎಲ್ಲಾ ಒಂದೇ ಕಣಪ್ಪ. ನನಗಲ್ಲ.”

“ಬಿಚ್ರೋ, ವಾದ ಮಾಡ್ತಾವೆ ನನ್ಮಕ್ಳು,” ಎಂದ ಮಧುಸೂದನ್. ಗುರುಚರಣನಿಗೆ ಕೈಮುಗಿದು, “ಮಧ್ಯಾಹ್ನದೊಳಗೆ ಮುಗಿಸ್ತೀವಿ ಸಾರ್” ಎಂದ.

“ಸೀಕ್ರಂ ಮುಗಿಸಿ. ನೆಟ್‌ವರ್ಕ್ ಪೂರ್ತಿ ಆಫ್ ಮಾಡಬೇಡಿ, ನನಗೆ ಮೀಟಿಂಗ್ ಇದೆ.”

ಹಿಂದಿನ ಕಬ್ಬಿಣದ ಮೆಟ್ಟಿಲು ಸುರುಳಿ ಸುರುಳಿಯಾಗಿ ಏರುತ್ತಿತ್ತು. ಕಕ್ಕಸು ಬಳಿಯುವವರು ಮನೆಯೊಳಗೆ ಬರದಿರಲೆಂದು ಯಾವುದೋ ಕಾಲದಲ್ಲಿ ಕಟ್ಟಿಸಿದ್ದು. ಮೇ ತಿಂಗಳ ಬಿಸಿಲಿಗೆ ಅದು ಬಾಣಲೆಯ ಹಾಗೆ ಕಾದಿತ್ತು. ಇಬ್ಬರೂ ಬರಿಗಾಲಲ್ಲಿ ಹತ್ತಿದರು. ಪಾದ ಊರುವುದು, ತಟ್ಟನೆ ಎತ್ತುವುದು, ಮತ್ತೆ ಊರುವುದು. ಮೋಹನ್ ನಕ್ಕ.

“ಭಾವ, ನಮ್ಮೂರ್ ಹಬ್ಬದಾಗೆ ಕೊಂಡ ಹಾಯದ್ಕಿಂತ ಇದೇ ವಾಸಿ. ಇಲ್ಲಿ ಕೂಲಿ ಕೊಡ್ತಾರೆ.”

“ಬಾಯ್ ಮುಚ್ಕಂಡ್ ಹತ್ಲಾ.”

ಹಳೆಯ ಆಂಟೆನಾ ಸಲೀಸಾಗಿ ಇಳಿಯಿತು. ಹೊಸದನ್ನು ಬೀದಿಯಿಂದ ಹಗ್ಗದಲ್ಲಿ ಎಳೆದರು. ಜಯರಾಮ ಎಡಗೈಗೆ ಹಗ್ಗ ಸುತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಮೋಹನ್ ಕಂಬದ ತುದಿಯಲ್ಲಿ ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದರಲ್ಲಿ ಸ್ಪ್ಯಾನರ್ ತಿರುವುತ್ತಿದ್ದ. ಮೇಲಿನ ಹಿಡಿಕೆ ಕೂತಿತು. ಕೆಳಗಿನ ಹಿಡಿಕೆಗೆ ಬಗ್ಗುವಾಗ ಸುಡುತ್ತಿದ್ದ ಪಾದವನ್ನು ಒಂದು ಕ್ಷಣ ಕಂಬದ ಮೆಟ್ಟಿಲಿನಿಂದ ಎತ್ತಿದ. ಆಗಲೇ ಬೆವರಿದ ಕೈಯೂ ಜಾರಿತು.

ಅವನು ತಾರಸಿಯ ಮೇಲೇ ಬಿದ್ದ. ಆಚೆ ಬೀದಿಗೆ ಬೀಳಲಿಲ್ಲ. ಬೀಳುವಾಗ ಮಡಿ ಸೀರೆಯ ಹಗ್ಗ ಕಿತ್ತುಕೊಂಡು ಬಂತು. ಒದ್ದೆ ಸೀರೆಗಳ ಮಧ್ಯೆ ಅವನ ಎಡಗಾಲು ತಿರುಗಬಾರದ ಕಡೆಗೆ ತಿರುಗಿಕೊಂಡಿತ್ತು.

ಸದ್ದಿಗೆ ಎಲ್ಲರೂ ಬಂದರು. ರಮಾಬಾಯಿ ಸೀರೆಗಳನ್ನು ನೋಡಿದರು, ರಕ್ತ ನೋಡಿದರು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ಸೊಂಟ ಬಗ್ಗಿಸಿ, ಒಂದು ಮೊಳ ಮೇಲಿನಿಂದ ಮೋಹನನ ಬಾಯಿಗೆ ಸುರಿದರು. ಅರ್ಧ ಬಾಯಿಗೆ ಬಿತ್ತು, ಅರ್ಧ ಕತ್ತಿಗೆ.

ಜಯರಾಮ ಫೋನ್ ತೆಗೆದ. ಮಧುಸೂದನ್ ಅವನ ಮಣಿಕಟ್ಟು ಹಿಡಿದುಕೊಂಡ.

“ತಡಿ. ಆ್ಯಂಬುಲೆನ್ಸ್‌ನೋರು ಬಂದ್ರೆ ಪೊಲೀಸ್ಗೂ ಹೋಯ್ತದೆ ಸುದ್ದಿ. ಮೊದ್ಲು ಬೆಲ್ಟು ಬರ್ಲಿ.”

“ಬೆಲ್ಟಾ?”

“ಇನ್ಶೂರೆನ್ಸ್ ಹತ್ತು ಲಕ್ಷ ಅದೆ ಕಣಯ್ಯ. ಬಿದ್ದಾಗ ಮೈಮೇಲೆ ಬೆಲ್ಟಿದ್ರೆ ಮಾತ್ರ. ಬೆಳಿಗ್ಗೆ ಫೋಟೋ ಸಾಕಾಗಲ್ಲ, ಬಿದ್ದ ಜಾಗದ್ದೇ ಕೇಳ್ತಾರೆ. ಪ್ರವೀಣಂಗೆ ಫೋನ್ ಮಾಡಿದೀನಿ, ಹೊರಟವ್ನೆ. ಇವನಿಗೆ ತೊಡಿಸಿ ಒಂದು ಫೋಟೋ ಹೊಡದ್ರೆ ನನ್ ಕೆಲ್ಸಾನೂ ಉಳೀತದೆ, ಇವನ ಸಂಸಾರಾನೂ ಉಳೀತದೆ. ಈಗ್ಲೇ ಎತ್ಕಂಡೋದ್ರೆ ಒಂದ್ ಬಿಡಿಗಾಸಿಲ್ಲ. ಯೋಚ್ನೆ ಮಾಡು. ಉಸಿರಾಡ್ತಾವ್ನೆ ತಾನೆ?”

ಮಧುಸೂದನ್ ಅವತ್ತು ಜಯರಾಮನೊಡನೆ ಮೊದಲ ಸಲ ಬೈಗುಳವಿಲ್ಲದೆ ಮಾತಾಡಿದ್ದ. ಜಯರಾಮ ಯೋಚಿಸಿದ. ಮೋಹನನ ಹೆಂಡತಿ ವಿಮಲಾ ಪೆರಂಬೂರಿನಲ್ಲಿ ಮೂರು ಮನೆಗಳ ಪಾತ್ರೆ ತೊಳೆಯುತ್ತಾಳೆ. ಹೆಣ್ಣುಮಗು ಇನ್ನೂ ಅಂಬೆಗಾಲಿಡುತ್ತಿದೆ. ಹತ್ತು ಲಕ್ಷವೆಂದರೆ ಎಷ್ಟೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಒಂಬೈನೂರು ಎಷ್ಟೆಂದು ಗೊತ್ತಿತ್ತು.

“ಬರ್ಲಿ ಬುಡು, ಭಾವ,” ಎಂದ ಮೋಹನ್ ಕಣ್ಣು ಮುಚ್ಚಿಕೊಂಡೇ. “ಇರ್ತೀನಿ.”

ಜಯರಾಮ ಕಾದ. ತನ್ನ ಅಂಗಿ ಬಿಚ್ಚಿ ಮೋಹನನ ಮುಖಕ್ಕೆ ನೆರಳು ಹಿಡಿದ. ಗುರುಚರಣ ಎರಡು ಸಲ ಮೇಲೆ ಬಂದ. ಮೊದಲ ಸಲ, ಇದರಿಂದ ಟವರ್ ಬಾಡಿಗೆಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ. ಎರಡನೆಯ ಸಲ, “ಪಾಪ, ಆಸ್ಪತ್ರೆಗೆ ಕರಕೊಂಡು ಹೋಗ್ರಪ್ಪ” ಅಂದು, ಕಿವಿಯ ಫೋನಿಗೆ “ಇಲ್ಲ ಇಲ್ಲ, ನಿಮಗಲ್ಲ ಹೇಳಿದ್ದು” ಎನ್ನುತ್ತ ಇಳಿದುಹೋದ. ಪ್ರವೀಣ್ ಫೋನ್ ಮಾಡಿ ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದೇನೆ ಎಂದ. ಮೋಹನ್ ನಗುವುದನ್ನು ನಿಲ್ಲಿಸಿದ್ದ, ಆಮೇಲೆ ಮಾತಾಡುವುದನ್ನೂ ನಿಲ್ಲಿಸಿದ. ಸುಡುವ ತಾರಸಿಯ ಮೇಲೆ ಅವನ ಕೈ ತಣ್ಣಗಾಗತೊಡಗಿತು.

ಕೊನೆಗೆ ಬೆಲ್ಟು ಬಂತು. ಅದೇ ಕವರು, ಅದೇ ಚೀಟಿ.

ಭುಜದ ಪಟ್ಟಿ ಸುಲಭವಾಗಿ ಸೇರಿತು. ಆದರೆ ಆ ಬೆಲ್ಟಿಗೆ ಎರಡೂ ತೊಡೆಗೆ ಸುತ್ತುವ ಪಟ್ಟಿಗಳಿದ್ದವು. ಅದನ್ನು ಹಾಕಬೇಕೆಂದರೆ ಕಾಲು ಎತ್ತಬೇಕು. ಜಯರಾಮ ಎಡಗಾಲಿನ ಕೆಳಗೆ ಕೈ ಕೊಟ್ಟು ಎರಡು ಬೆರಳಷ್ಟು ಎತ್ತಿದ. ಮೋಹನನ ಬಾಯಿಂದ ಬಂದದ್ದು ಮನುಷ್ಯನ ಸದ್ದಾಗಿರಲಿಲ್ಲ. ರಮಾಬಾಯಿ ಕಿವಿ ಮುಚ್ಚಿಕೊಂಡು ಕೆಳಗೆ ಹೋದರು.

“ಇನ್ನೊಂಚೂರು ಎತ್ತು, ಆಯ್ತು,” ಎಂದ ಮಧುಸೂದನ್. ಫೋನ್ ಹಿಡಿದು ಸಿದ್ಧನಾಗಿದ್ದ.

ಜಯರಾಮ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಭುಜದ ಪಟ್ಟಿಯನ್ನೂ ಬಿಡಿಸಿ ತೆಗೆದ. ತನ್ನ ಫೋನಿನಲ್ಲಿ ನೂರೆಂಟಕ್ಕೆ ಕರೆ ಮಾಡಿ, ಬೀದಿಯ ಹೆಸರು, ಮನೆಯ ಗುರುತು, ಎಲ್ಲವನ್ನೂ ತಮಿಳಿನಲ್ಲಿ ನಿಧಾನವಾಗಿ ಹೇಳಿದ.

“ಹತ್ತು ಲಕ್ಷ ಕಳದೆ ಕಣೋ ಬೋಳಿಮಗನೆ, ನಿನ್ ಕೈಯಾರೆ,” ಎಂದ ಮಧುಸೂದನ್.

“ನಾ ಕಾದಿದ್ದೇ ತೆಪ್ಪು, ಸಾ.”

ಆ್ಯಂಬುಲೆನ್ಸಿನವರು ಸ್ಟ್ರೆಚರ್ ತಂದರು. ಕಬ್ಬಿಣದ ಸುರುಳಿ ಮೆಟ್ಟಿಲಲ್ಲಿ ಅದು ತಿರುಗಲಿಲ್ಲ. ಒಬ್ಬ ಯಾರನ್ನೂ ಕೇಳದೆ ಒಳಗಿನ ಬಾಗಿಲು ತಳ್ಳಿದ. ಹಾಗೆ ಮೋಹನ್ ಆ ಮನೆಯ ನಡುವಿನಿಂದ, ದೇವರ ಮನೆಯ ಮುಂದಿನಿಂದ ಮಲಗಿಕೊಂಡೇ ದಾಟಿಹೋದ. ಜಯರಾಮ ಹೇಳಿದ್ದಕ್ಕೆ ಪ್ರವೀಣ್ ಜೊತೆಗೆ ಆ್ಯಂಬುಲೆನ್ಸ್ ಹತ್ತಿದ.

“ಬೆಲ್ಟು ಕೊಡಿಲ್ಲಿ,” ಎಂದ ಮಧುಸೂದನ್. “ರಾಯಪುರಂನೋರು ಕಾಯ್ತಾವ್ರೆ.”

ತಾರಸಿಯಲ್ಲೇ ಉಳಿದಿದ್ದ ಜಯರಾಮ ಬೆಲ್ಟನ್ನು ತಾನೇ ಹಾಕಿಕೊಂಡ. ಭುಜಕ್ಕೆ, ಎದೆಗೆ, ತೊಡೆಗಳಿಗೆ. ಪ್ರತಿ ಕೊಂಡಿಯನ್ನೂ ಎಳೆದು ನೋಡಿದ. ಚೀಟಿ ಕಿತ್ತು ಮಧುಸೂದನನ ಅಂಗಿಯ ಜೇಬಿಗೆ ತುರುಕಿದ. ಬಲಭುಜ ಏಳದಿದ್ದರೂ ಎಡಗೈಯಲ್ಲೇ ಹಿಡಿದು, ಮೊಣಕಾಲು ಒತ್ತಿ, ನಿಂತು ನಿಂತು ಕಂಬ ಹತ್ತಿದ. ಮೇಲೆ ಉಳಿದ ಹಳೆಯ ಆಂಟೆನಾಗಳ ಕರೆಂಟಿನ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತ. ಬೆಲ್ಟಿನ ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿ, ಹಿಂದಕ್ಕೆ ಒರಗಿ, ಎರಡೂ ಕೈ ಬಿಟ್ಟ. ಇಷ್ಟು ವರ್ಷದಲ್ಲಿ ಕಂಬದ ಮೇಲೆ ಎರಡೂ ಕೈ ಬಿಟ್ಟದ್ದು ಅದೇ ಮೊದಲು. ಬೆಲ್ಟು ಹಿಡಿದುಕೊಂಡಿತು.

ಬೀದಿಯಲ್ಲಿ ಫೋನುಗಳು ಸತ್ತವು. ಜನ ಕಿಟಕಿಗೆ ಬಂದರು, ಆಮೇಲೆ ತಾರಸಿಗಳಿಗೆ ಬಂದರು. ಫೋನನ್ನು ಮೇಲಕ್ಕೆ ಹಿಡಿದು ಸಿಗ್ನಲ್ ಹುಡುಕುವಾಗ ಕಂಬದ ಮೇಲಿನ ಮನುಷ್ಯ ಕಂಡ.

“ಇಳಿಯೋ, ಸೂಳೆಮಗನೆ,” ಎಂದು ಮಧುಸೂದನ್ ಕಿರುಚುತ್ತಿದ್ದ. ಗುರುಚರಣ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದ. ಮೀಟಿಂಗ್ ನಿಂತಿತ್ತು.

“ಬಿದ್ದೋನ್ಗೆ ಬೆಲ್ಟಿರ್ನಿಲ್ಲ ಅಂತ ಬರ್ಕೊಡಿ. ಎಲ್ಲಾರ್ಗೂ ಒಂದೇ ಬೆಲ್ಟು ಅಂತ ಬರ್ಕೊಡಿ. ಇಳೀತೀನಿ,” ಎಂದ ಜಯರಾಮ. ಬಳಿಕ ತಾರಸಿಗಳ ಕಡೆ ತಿರುಗಿ ಅದನ್ನೇ ತಮಿಳಿನಲ್ಲಿ ಕೂಗಿದ. ಎಷ್ಟೋ ಮಂದಿ ಅವನ ಫೋಟೋ ತೆಗೆದುಕೊಂಡರು. ಬಿಸಿಲಿನಲ್ಲಿ ಕಿತ್ತಳೆ ಬೆಲ್ಟು ಚೆನ್ನಾಗಿ ಕಾಣುತ್ತಿತ್ತು.

ಹೊತ್ತು ಮುಳುಗುವ ಮುಂಚೆ ಪೊಲೀಸರು ಬಂದು ಇಳಿಸಿದರು. ಯಾರೂ ಏನೂ ಬರೆದುಕೊಡಲಿಲ್ಲ.

ಜನ ತಾರಸಿಗಳಿಂದ ತೆಗೆದ ಫೋಟೋಗಳು ಊರೆಲ್ಲ ಸುತ್ತಿ ಕಂಪನಿಯ ಕೈಗೂ ಸಿಕ್ಕಿದವು. ವಿಚಾರಣೆಯಲ್ಲಿ ಕಂಪನಿಯವರು ಅವನ್ನೇ ಮುಂದಿಟ್ಟರು. ಸೈಟಿನಲ್ಲಿ ಬೆಲ್ಟು ಇತ್ತು, ನೋಡಿ, ಒಬ್ಬ ಹಾಕಿಕೊಂಡೇ ಹತ್ತಿದ್ದಾನೆ. ಇನ್ನೊಬ್ಬ ಹಾಕಿಕೊಳ್ಳಲಿಲ್ಲ, ಅದು ಅವನ ತಪ್ಪು. ಮೋಹನನಿಗೆ ವಿಮೆಯ ಹಣ ಬರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಂಬಿ ಹಾಕಿದರು. ಎಡಗಾಲು ಗಿಡ್ಡವಾಗಿ ಉಳಿಯಿತು. ಬೇಗ ತಂದಿದ್ದರೂ ಕಾಲು ಹೀಗೇ ಇರುತ್ತಿತ್ತೇ ಎಂದು ಜಯರಾಮ ಡಾಕ್ಟರನ್ನು ಕೇಳಿದ. ಅವರು ಹೇಳಲಾಗುವುದಿಲ್ಲ ಎಂದರು. ವಿಮಲಾ ಇನ್ನೆರಡು ಮನೆ ಹಿಡಿದಳು. ಜಯರಾಮನನ್ನು ಯಾವ ಕಂಟ್ರಾಕ್ಟರನೂ ಕರೆಯಲಿಲ್ಲ. ರಾಯಪುರಂನಲ್ಲಿ ಮೀನಿನ ಪೆಟ್ಟಿಗೆಗಳಿಗೆ ಐಸ್ ಒಡೆಯುತ್ತಾನೆ, ಎಡಗೈಯಲ್ಲಿ. ಹೊಸ ಆಂಟೆನಾವನ್ನು ಮರುದಿನ ಬೇರೆ ಗ್ಯಾಂಗಿನವರು ಬಂದು ಕೂರಿಸಿ ಮುಗಿಸಿದರು. ಆ ಬೀದಿಯಲ್ಲಿ ಈಗ ಫೋನು ಕಡಿದುಹೋಗುವುದಿಲ್ಲ.