ಗರಿಯಿಲ್ಲದ ಬಾಣ

ಜುಲೈ ತಿಂಗಳ ಮೂರನೆಯ ವಾರದ ಮಂಗಳವಾರ. ಕಾಲೇಜಿನ ಬಿಲ್ಲುಮನೆಯ ನೆಲ ಒರೆಸಿ ಮುಗಿಸಿದ ಎಂಟು ಜನ ಹೊಸಬರು ಸಾಲಾಗಿ ಮಂಡಿಯೂರಿ ಕೂತಿದ್ದರು. ಬಿಲ್ಲುಗಾರರ ತಂಡದ ಕ್ಯಾಪ್ಟನ್ ಕುರಮೊಚಿ ಕೈಯಲ್ಲೊಂದು ಚೀಟಿ ಹಿಡಿದು ಎದುರಿಗೆ ನಿಂತಿದ್ದ. ಇವತ್ತಿನಿಂದ ದೂರದ ಗುರಿಯ ಮುಂದೆ ನಿಂತು ಹೊಡೆಯುವವರ ಹೆಸರುಗಳು ಅದರಲ್ಲಿದ್ದವು. ಏಪ್ರಿಲಿನಿಂದ ಈ ಎಂಟೂ ಜನ ಒಂದು ಮಾರು ದೂರದ ಹುಲ್ಲಿನ ಉರುಳೆಗೆ ಗರಿಯಿಲ್ಲದ ಬಾಣ ಹೊಡೆಯುತ್ತ ಬಂದದ್ದು ಈ ಚೀಟಿಗಾಗಿಯೇ.

ಕುರಮೊಚಿ ಏಳು ಹೆಸರು ಓದಿದ. ಚೀಟಿ ಮಡಚಿದ.

ಎಂಟನೆಯವಳು ವೆನಿಂಗ್. ಒಂದು ಸೆಮಿಸ್ಟರ್ ಓದಲೆಂದು ಇಂಡೋನೇಷ್ಯಾದ ಸಲಾತಿಗಾ ಊರಿನಿಂದ ಜಪಾನಿನ ಮತ್ಸುಎಗೆ ಬಂದವಳು. ಆಗಸ್ಟ್ ಎಂಟಕ್ಕೆ ಅವಳ ವಿಮಾನ. ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಹೆಸರಿರಬಹುದೇನೋ ಎಂದು ಅವಳು ಕುರಮೊಚಿಯ ಬೆರಳುಗಳನ್ನೇ ನೋಡಿದಳು. ಅವನು ಚೀಟಿಯನ್ನು ಅಂಗಿಯ ಎದೆಯೊಳಗೆ ತುರುಕಿಕೊಂಡು ಮುಗುಳ್ನಕ್ಕು, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಹೇಳಿದ.

"ವೆನಿಂಗ್ ಸಾನ್, ನೀವು ಇವತ್ತೂ ಹುಲ್ಲಿಗೇ ಹೊಡೀರಿ. ಆರಾಮಾಗಿ, ಖುಷಿಯಾಗಿ."

ಖುಷಿಯಾಗಿ! ವೆನಿಂಗಳ ಕಿವಿ ಕಾದ ಹೆಂಚಿನಂತಾಯಿತು. ಹೊರಗೆ ಜೀರುಂಡೆಗಳು ಒಂದೇ ಸಮನೆ ಅರಚುತ್ತಿದ್ದವು. ಏಳು ಜನ ಎದ್ದು ಗರಿ ಕಟ್ಟಿದ ಬಾಣಗಳನ್ನು ಎರಡೂ ಕೈಯಲ್ಲಿ ಪಡೆದರು. ಅವಳು ಮೂಲೆಯ ಉರುಳೆಯ ಮುಂದೆ ನಿಂತು ತನ್ನ ಬೋಳು ಬಾಣ ಎತ್ತಿಕೊಂಡಳು. ಬಾಣ ಹುಲ್ಲಿನಲ್ಲಿ ನೆಟ್ಟದ್ದೇ ತಡ, ಆಚೆ ನಿಂತ ಇಬ್ಬರು ಹಿರಿಯ ವಿದ್ಯಾರ್ಥಿಗಳು ಎಂದಿನಂತೆ ಚಪ್ಪಾಳೆ ತಟ್ಟಿದರು. "ಎಷ್ಟು ಚೆಂದ ಹೊಡೀತೀರಿ ವೆನಿಂಗ್ ಸಾನ್!"

ಒಂದು ಮಾರು ದೂರದ ಉರುಳೆ. ಕಣ್ಣು ಮುಚ್ಚಿ ಹೊಡೆದರೂ ತಪ್ಪದು. ಅದಕ್ಕೆ ಚಪ್ಪಾಳೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮಿಯೊ ಸಿಕ್ಕಳು. ಅವಳೂ ಏಪ್ರಿಲಿನಲ್ಲಿ ಸೇರಿದವಳು, ಗುರಿಗೆ ಹೋದ ಏಳರಲ್ಲಿ ಒಬ್ಬಳು.

"ಸಿಟ್ಟಾ?" ಅಂದಳು ಮಿಯೊ.

"ಇಲ್ಲ. ಕುಣೀತಾ ಇದೀನಿ, ಕಾಣಲ್ವಾ?"

"ನೋಡೇ, ನಾನು ಹೇಳ್ದೆ ಅನ್ಬೇಡ. ಗುರಿ ಮುಂದೆ ಮೊದಲ ತಿಂಗಳು ಎಲ್ರೂ ತಪ್ಪೋದೇ. ನಾನು ಇವತ್ತು ಹೊಡೆದಿದ್ದು ಹುಲ್ಲುಹಾಸಲ್ಲಿ ಬಿದ್ದು ಜಾರ್ಕೊಂಡು ಹೋಯ್ತು, ಕ್ಯಾಪ್ಟನ್ ಹೆಂಗೆ ಬೈದ್ರು ಗೊತ್ತಾ? ನಿಂಗೆ ಇರೋದು ಎರಡು ವಾರ. ಬರೀ ತಪ್ಪಿ ತಪ್ಪಿ, ಬೈಸ್ಕೊಂಡು ಊರಿಗೆ ಹೋದ್ರೆ ಪಾಪ ಅಂತ… ಒಳ್ಳೇ ನೆನಪು ತಗೊಂಡು ಹೋಗ್ಲಿ ಅಂತ ಎಲ್ರೂ ಸೇರಿ ಯೋಚನೆ ಮಾಡಿದ್ರು."

"ಎಲ್ರೂ ಸೇರಿ! ನನ್ನೊಬ್ಳನ್ನ ಬಿಟ್ಟು."

"ನಿನಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ."

"ಬೆಳಿಗ್ಗೆ ಆರಕ್ಕೆ ನೆಲ ಒರೆಸ್ದೆ. ನಿಮ್ಮೆಲ್ಲರ ಬಾಣ ಆರಿಸಿ ತಂದೆ. ಗುರಿ ನೆಡೋ ಮರಳಿನ ದಿಬ್ಬಕ್ಕೆ ನೀರು ಹಾಕಿ ತಟ್ಟಿದೆ. ಆವಾಗ ಯಾರಿಗೂ ಪಾಪ ಅನ್ನಿಸ್ಲಿಲ್ವಾ?"

ಮಿಯೊ ತಲೆ ತಗ್ಗಿಸಿಕೊಂಡು ಅಭ್ಯಾಸದ ಕಾಲುಚೀಲದ ಹಿಮ್ಮಡಿಯ ಕೊಕ್ಕೆ ಬಿಚ್ಚತೊಡಗಿದಳು. ಬೈಸಿಕೊಂಡಿದ್ದಕ್ಕೆ ಅವಳ ಕಣ್ಣು ಇನ್ನೂ ಕೆಂಪಗಿತ್ತು. ಆ ಕೆಂಪನ್ನು ಕಂಡು ವೆನಿಂಗಳಿಗೆ ಹೊಟ್ಟೆಕಿಚ್ಚಾಯಿತು. ಅದು ಹೊಟ್ಟೆಕಿಚ್ಚು ಎಂದು ತಿಳಿದಾಗ ಸಿಟ್ಟು ಇನ್ನಷ್ಟು ಹೆಚ್ಚಿತು.

ಕೇಳಬಹುದಿತ್ತಲ್ಲ ಎಂದು ಯಾರಾದರೂ ಅಂದಾರು. ಏಪ್ರಿಲಿನ ಮೊದಲ ವಾರವೇ, ಬಿಲ್ಲುವಿದ್ಯೆ ಕಲಿಸುವ ಒರಿಹಾರ ಟೀಚರ್ ಹೇಳಿದ್ದರು: ಗುರಿ ಬೇಕು ಎಂದು ಯಾರೂ ಕೇಳಬಾರದು, ನಿಲ್ಲು ಎಂದು ಹೇಳುವವರೆಗೆ ಕಾಯಬೇಕು. ವೆನಿಂಗ್ ಆ ಮಾತನ್ನು ಗಂಟು ಹಾಕಿಕೊಂಡಿದ್ದಳು. ಕಾದಿದ್ದಳು.

ಬುಧವಾರ ಹೋಗುವುದೇ ಬೇಡ ಎಂದುಕೊಂಡಳು, ಹೋದಳು. ಎಂಬತ್ತು ಬಾಣ ಹೊಡೆದಳು. ಒಂದು ಬಾಣ ಎಷ್ಟು ಆಳಕ್ಕೆ ನಾಟಿತೆಂದರೆ ಉರುಳೆಗೆ ಕಾಲು ಕೊಟ್ಟು ಎಳೆಯಬೇಕಾಯಿತು. ಅದಕ್ಕೂ ಚಪ್ಪಾಳೆ ಬಂತು.

ಗುರುವಾರ ಕಾಲೇಜಿನ ಆಫೀಸಿನಿಂದ ಸುಗಾಯ ಎಂಬವರು ಕ್ಯಾಮೆರಾ ನೇತುಹಾಕಿಕೊಂಡು ಬಂದರು. ಮುಂದಿನ ವರ್ಷ ಹೊರದೇಶದಿಂದ ಬರುವ ಮಕ್ಕಳಿಗೆ ಕಳಿಸುವ ಪುಸ್ತಿಕೆಗೆ ಒಂದು ಫೋಟೊ ಬೇಕಿತ್ತಂತೆ. ಗುರುವಾರ ಒರಿಹಾರ ಟೀಚರ್ ಬರುವ ದಿನ. ಎಪ್ಪತ್ತು ದಾಟಿದ ಆಕೆ ಎತ್ತರದ ಕಟ್ಟೆಯ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದರು.

ಕುರಮೊಚಿ ವೆನಿಂಗಳ ಮುಂದೆ ಬಂದು ಗರಿ ಕಟ್ಟಿದ ಒಂದು ಬಾಣ ಚಾಚಿದ. ಗರಿಗಳಿಗೆ ಹದ್ದಿನ ಗರಿಯಂತೆ ಬಣ್ಣ ಹಾಕಿದ ಹೊಸ ಬಾಣ.

"ಗುರಿ ಮುಂದೆ ನಿಂತ್ಕೊಳ್ಳಿ ವೆನಿಂಗ್ ಸಾನ್. ಹೊಡೆಯೋದೇನೂ ಬೇಡ. ಪೂರ್ತಿ ಎಳೆದು ಹಿಡ್ಕೊಂಡ್ರೆ ಸಾಕು. ಫೋಟೊ ಆದ್ಮೇಲೆ ನಿಧಾನಕ್ಕೆ ಇಳಿಸಿ."

ನಾಲ್ಕು ತಿಂಗಳು ತಾನೇ ಒರೆಸಿದ, ಹೊಡೆಯುವವರು ನಿಲ್ಲುವ ಗೆರೆಯ ಮೇಲೆ ಅವಳು ಮೊದಲ ಬಾರಿ ಕಾಲಿಟ್ಟಳು. ಹುಲ್ಲುಹಾಸಿನಾಚೆ, ಮರಳ ದಿಬ್ಬದಲ್ಲಿ, ಕಪ್ಪು ಬಿಳುಪಿನ ಗುರಿ ಅಂಗೈಯಷ್ಟೇ ಕಾಣುತ್ತಿತ್ತು. ತನಗಿಂತ ಎತ್ತರದ ಬಿಲ್ಲನ್ನು ಎತ್ತಿ, ಎರಡೂ ಕಡೆಗೆ ತೆರೆಯುತ್ತ ಎಳೆದಳು. ಬಾಣ ಕೆನ್ನೆಗೆ ತಾಗಿತು. ಗರಿ ತಾಗಿದರೆ ಹೀಗಿರುತ್ತದೆಂದು ಆವತ್ತಿನವರೆಗೆ ಅವಳಿಗೆ ಗೊತ್ತಿರಲಿಲ್ಲ.

"ಹಾಂ, ಹಾಗೇ ಇರಿ," ಅಂದರು ಸುಗಾಯ. "ಒಂಚೂರು ನಗಿ ನೋಡೋಣ."

ವೆನಿಂಗ್ ಬಿಲ್ಲನ್ನು ಇಳಿಸಿದಳು. ಹೆದೆಯಿಂದ ಬಾಣ ಬಿಡಿಸಿದಳು. ತಿರುಗಿ ನಿಂತಳು.

"ನಾನು ಇಲ್ಲಿ ಯಾವತ್ತೂ ಹೊಡೆದಿಲ್ಲ. ಫೋಟೊ ತೆಗೀಬೇಡಿ."

"ಇರ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ?" ಸುಗಾಯ ನಕ್ಕರು.

"ನಂಗೆ ಗೊತ್ತಾಗುತ್ತೆ! ಇದನ್ನ ನೋಡಿ ಮುಂದಿನ ವರ್ಷ ಇನ್ನೊಬ್ಳು ಬರ್ತಾಳೆ. ಬಂದು ನೆಲ ಒರೆಸಿ, ಹುಲ್ಲಿಗೆ ಹೊಡೆದು, ಚಪ್ಪಾಳೆ ತಟ್ಟಿಸ್ಕೊಂಡು ಹೋಗ್ತಾಳೆ. ಅವಳ ಫೋಟೊನೂ ಹೀಗೇ ತೆಗೀತೀರಾ?"

ಕುರಮೊಚಿ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಈಗ ಬೇಡ ವೆನಿಂಗ್ ಸಾನ್. ಅತಿಥಿಗಳು ಬಂದಿದಾರೆ."

"ನಾಲ್ಕು ತಿಂಗಳಿಂದ ಇಲ್ಲಿರೋ ಅತಿಥಿ ನಾನೊಬ್ಳೇ!"

ಹೊಡೆಯುತ್ತಿದ್ದವರೆಲ್ಲ ನಿಂತುಬಿಟ್ಟರು. ಬಿಲ್ಲುಮನೆಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. ಕಟ್ಟೆಯ ಮೇಲೆ ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು.

"ಕುರಮೊಚಿ," ಅಂದರು ಒರಿಹಾರ ಟೀಚರ್. "ಈ ಹುಡುಗಿಗೆ ಗುರಿ ಮುಂದೆ ನಿಲ್ಲೋಕೆ ಆಸೆ ಇಲ್ಲ ಅಂದೆಯಲ್ಲ ನಂಗೆ. ಅವಳೇ ಹೇಳಿದ್ಲಾ?"

"ಹೇಳ್ಲಿಲ್ಲ, ಟೀಚರ್. ಒಂದ್ಸಲನೂ ಕೇಳ್ಲಿಲ್ಲ. ಅದಕ್ಕೆ ಆಸೆ ಇಲ್ಲ ಅಂತ…"

"ನಿಂಗೇನಮ್ಮಾ, ಕೇಳೋಕೆ ಬಾಯಿರ್ಲಿಲ್ವಾ?"

"ಕೇಳಬಾರ್ದು ಅಂದಿದ್ದು ನೀವೇ, ಟೀಚರ್. ಮೊದಲ್ನೇ ವಾರ. ಇಲ್ಲೇ ಕೂತು."

ಟೀಚರ್ ಕಟ್ಟೆ ಇಳಿದು ಬಂದು, ಗರಿಯ ಬಾಣವನ್ನು ಅವಳ ಕೈಯಿಂದ ತೆಗೆದುಕೊಂಡು, ಮೂಲೆಯ ಉರುಳೆಯ ಕಡೆ ತೋರಿಸಿದರು. "ಎರಡು ಹೊಡಿ. ಯಾರಾದ್ರೂ ಚಪ್ಪಾಳೆ ಹೊಡೆದ್ರೆ ಆಚೆ ಕಳಿಸ್ತೀನಿ."

ಅವಳು ಹೊಡೆದಳು. ಎರಡೂ ನಾಟಿದವು.

"ಕೆಟ್ಟದಾಗಿದೆ," ಅಂದರು ಟೀಚರ್. "ಎಳೆಯೋವಾಗ ಎಡಭುಜ ಕಿವಿಗೆ ಬರುತ್ತೆ. ಬಾಣ ಬಿಡೋಕೆ ಅವಸರ. ಈ ಹೊಡೆತಕ್ಕೆ ಬಾಣ ಮರಳಿನ ತನಕ ಕೂಡ ಹೋಗಲ್ಲ. ಎಷ್ಟು ದಿನದಿಂದ ಹೀಗಿದೆ?"

ಕುರಮೊಚಿ ನೆಲ ನೋಡುತ್ತ ಹೇಳಿದ. "ಮೇ ತಿಂಗಳಿಂದ."

ವೆನಿಂಗಳಿಗೆ ಆಗ ಬಂದ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಮೇ ತಿಂಗಳಿಂದ ಇವರಿಗೆಲ್ಲ ಗೊತ್ತಿತ್ತು. ಮಿಯೊಗೂ ಗೊತ್ತಿತ್ತು. ದಿನಾ ಆ ಭುಜ ಏರುವುದನ್ನು ನೋಡಿ, ದಿನಾ ಚಪ್ಪಾಳೆ ತಟ್ಟಿದ್ದರು.

"ಹಂಗಾದ್ರೆ ಯಾಕೆ ಹೇಳ್ಲಿಲ್ಲ?" ಅವಳು ಕುರಮೊಚಿಯ ಕಡೆ ತಿರುಗಿದಳು. "ಮಿಯೊನ ಅಳೋ ತನಕ ಬೈತೀರಿ. ನನ್ನನ್ನ ಯಾಕೆ ಬೈಯ್ಲಿಲ್ಲ?"

"ಇನ್ನು ಎರಡು ವಾರ ಇದೆ," ಅಂದರು ಟೀಚರ್. "ಕುರಮೊಚಿ, ದಿನಾ ನೀನೇ ನಿಂತು ತಿದ್ದು. ಕಡೇ ಗುರುವಾರ ನಾನು ನೋಡ್ತೀನಿ. ಭುಜ ಇಳಿದಿದ್ರೆ ಗುರಿ, ಇಲ್ದಿದ್ರೆ ಇಲ್ಲ." ಆಮೇಲೆ ಟೀಚರ್ ಸುಗಾಯರ ಕಡೆ ತಿರುಗಿ ಬಗ್ಗಿ ನಮಸ್ಕರಿಸಿದರು. "ಫೋಟೊಗೆ ಬೇರೆ ಕಡೆ ನೋಡ್ಕೊಳ್ಳಿ. ಕ್ಷಮಿಸಿ."

ಆ ಎರಡು ವಾರ ಕುರಮೊಚಿಯೂ ಸಿಟ್ಟಿನಲ್ಲಿದ್ದ, ಅವಳೂ ಸಿಟ್ಟಿನಲ್ಲಿದ್ದಳು. ಮೊದಲೆರಡು ದಿನ ಅವನು "ದಯವಿಟ್ಟು ಭುಜ" ಎನ್ನುತ್ತಿದ್ದ. ಮೂರನೆಯ ದಿನ ಬಿದಿರಿನ ಕೋಲು ತಂದು ಭುಜದ ಮೇಲಿಟ್ಟ.

"ಭುಜ! ಭುಜ ಅಂದೆ! ನಿಂಗೇನು ಕಿವಿ ಕೇಳಲ್ವಾ?"

"ಕೇಳುತ್ತೆ! ಮೇ ತಿಂಗಳಲ್ಲೇ ಕೂಗಿದ್ರೆ ಆವಾಗ್ಲೂ ಕೇಳ್ತಿತ್ತು!"

"ಬಾಯಿ ಮುಚ್ಕೊಂಡು ಎಳಿ!"

ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ ಎದ್ದು ಒಡೆಯಿತು. ಮಿಯೊ ಪಟ್ಟಿ ಸುತ್ತಿಕೊಟ್ಟಳು. "ಈಗ ಗೊತ್ತಾಯ್ತಾ ಬೈಸ್ಕೊಳ್ಳೋ ಸುಖ?" ಅಂದಳು. ವೆನಿಂಗ್ ಅವಳ ಜಡೆ ಹಿಡಿದೆಳೆದಳು. ಸ್ವಲ್ಪ ಜೋರಾಗಿಯೇ ಎಳೆದಳು.

ಕಡೆಯ ಗುರುವಾರ ಒರಿಹಾರ ಟೀಚರ್ ಅವಳಿಂದ ಹುಲ್ಲಿಗೆ ಆರು ಬಾಣ ಹೊಡೆಸಿದರು. ಆರನೆಯದು ಮುಗಿದ ಮೇಲೆ ಗರಿಯ ಬಾಣ ನಾಲ್ಕನ್ನು ತಾವೇ ತಂದು ಕೊಟ್ಟರು. "ನಿಲ್ಲು," ಅಂದರು, ಅಷ್ಟೇ.

ಮೊದಲ ಬಾಣ ಹುಲ್ಲುಹಾಸಿನ ನಡುವೆ ಬಿದ್ದು ಹಾವಿನಂತೆ ಜಾರಿತು. ಎರಡನೆಯದು ದಿಬ್ಬದ ಮೇಲಿನ ಪರದೆಗೆ ಬಡಿಯಿತು. ಮೂರನೆಯದು ಪಕ್ಕದ ಗುರಿಯ ಆಚೆ ಮರಳಿಗೆ ಹೊಕ್ಕಿತು. ಹಿಂದೆ ಮೂವತ್ತು ಜನ ಕೂತಿದ್ದರು. ಒಂದು ಚಪ್ಪಾಳೆ ಇಲ್ಲ. ಚೆಂದ ಎಂಬ ಮಾತಿಲ್ಲ. ತಪ್ಪಿದವರಿಗೆ ಇಲ್ಲಿ ಸಿಗುವುದು ಅಷ್ಟೇ, ಎಲ್ಲರಿಗೂ ಅಷ್ಟೇ. ನಾಲ್ಕನೆಯ ಬಾಣ ಗುರಿಯಿಂದ ಗೇಣು ದೂರದಲ್ಲಿ ಮರಳಿಗೆ ನಾಟಿ ನಡುಗುತ್ತ ನಿಂತಿತು.

"ಮುಂದಿನವರು," ಅಂದ ಕುರಮೊಚಿ.

ಅವಳು ಗೆರೆಯಿಂದ ಹಿಂದೆ ಸರಿದಳು. ಗೇಣು! ಒಂದೇ ಗೇಣು! ಹಲ್ಲು ಕಚ್ಚಿಕೊಂಡೇ ಹೋಗಿ ತನ್ನ ಬಾಣಗಳನ್ನು ತಾನೇ ಆರಿಸಿ, ಮಣ್ಣು ಒರೆಸಿ ತಂದಳು.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಬಸ್ಸಿನಲ್ಲಿ ಕೂತು, ಬೀಳ್ಕೊಡುವಾಗ ಕೊಟ್ಟಿದ್ದ ರಟ್ಟಿನ ಹಾಳೆ ತೆರೆದಳು. ಎಲ್ಲರೂ ಅದರಲ್ಲಿ ಎರಡೆರಡು ಸಾಲು ಬರೆದಿದ್ದರು. ಜುಲೈ ಮೊದಲಲ್ಲೇ ಬರೆಸಿಟ್ಟದ್ದು. ಕುರಮೊಚಿಯ ಬರಹ ನಡುವೆ ಇತ್ತು: ವೆನಿಂಗ್ ಸಾನ್ ಅವರ ನಗುಮುಖವನ್ನು ಎಂದೂ ಮರೆಯುವುದಿಲ್ಲ. ಅದರ ಕೆಳಗೆ, ಅವನದೇ ಅಕ್ಷರದಲ್ಲಿ, ಬೇರೆ ಶಾಯಿಯಲ್ಲಿ, ಜಾಗ ಸಾಲದೆ ಓರೆಯಾಗಿ ಬರೆದ ಇನ್ನೊಂದು ಸಾಲು ಕಂಡಿತು.

ನಾಲ್ಕನೇ ಬಾಣದಲ್ಲೂ ಭುಜ ಏರಿತ್ತು.

"ಸುಳ್ಳು!" ಅಂದಳು ವೆನಿಂಗ್, ಬಸ್ಸಿನಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಸುಳ್ಳಲ್ಲವೆಂದು ಅವಳಿಗೇ ಗೊತ್ತಿತ್ತು. ಸಿಟ್ಟಿನಿಂದ ಹಾಳೆ ಮುಚ್ಚಿದಳು. ಕೂತಲ್ಲೇ ಎಡಗೈ ಮುಂದೆ ಚಾಚಿ, ಭುಜ ಇಳಿಸಿ ನೋಡಿಕೊಂಡಳು.