ಹೆಣಕ್ಕೆ ಹೇಳಬಾರದು

ಸೋಫಾದ ಕಾಲಿಗೆ ಕಟ್ಟಿದ ಬೆಲೆಚೀಟಿ ಫ್ಯಾನಿನ ಗಾಳಿಗೆ ತಿರುಗುತ್ತಿದೆ, ತಿರುಗಲಿ, ಓದಬಾರದು, ಓದಲು ಹೋದರೆ ರೆಪ್ಪೆ ಅದುರುತ್ತದೆ, ಆದರೂ ಎಷ್ಟಿರಬಹುದು ಇದು — ಇದೇ ಅವನ ಚಾಳಿ, ಸತ್ತು ಬಿದ್ದಿದ್ದರೂ ಊರ ಉಸಾಬರಿ ಬೇಕು. ಫರ್ನಿಚರ್ ಅಂಗಡಿಯಲ್ಲಿ ಸಾಯುವುದು ಇದೇ ಮೊದಲು, ಹಿಂದೆ ಹೋಟೆಲಿನಲ್ಲಿ ಸತ್ತಿದ್ದಾನೆ, ನೀರಿಲ್ಲದ ಈಜುಕೊಳದಲ್ಲಿ ಸತ್ತು ಬೆನ್ನು ಹಿಡಿದುಕೊಂಡು ವಾರವೆಲ್ಲ ನರಳಿದ್ದಾನೆ, ಇಲ್ಲಿ ಮೆತ್ತನೆಯ ಜಮಖಾನ, ಪುಣ್ಯ. ಮಾಲೀಕನ ಹುಟ್ಟುಹಬ್ಬ, ಸಂಜೆಗೇ ಅಂಗಡಿಯ ಬಾಗಿಲು ಹಾಕಿ, ನಾಟಕದ ತಂಡ ಕರೆಸಿ ಕೊಲೆ ಪತ್ತೆಯ ಆಟ ಇಟ್ಟಿದ್ದಾರೆ, ನೆಂಟರೆಲ್ಲ ಪತ್ತೇದಾರರಾಗಿ, ಯಾರೂ ಬಾಳದ ಈ ತೋರಿಕೆಯ ಮನೆಯೊಳಗೆ ಮೇಜು ಮಂಚಗಳ ನಡುವೆ ಅವನಿಗೆ ವಿಷ ಹಾಕಿ ಕೊಂದವರನ್ನು ಹುಡುಕುತ್ತಿದ್ದಾರೆ, ಅವನಿಗೆ ಕಾಣುವುದು ಕಾಲುಗಳು ಮಾತ್ರ, ಹೊಳೆಯುವ ಬೂಟು ಮಾಲೀಕನ ಅಳಿಯನದೇ ಇರಬೇಕು, ನಡಿಗೆಯಲ್ಲೇ ಧಿಮಾಕು, ಈ ತೂತು ಕಾಲ್ಚೀಲ ಯಾರದಪ್ಪಾ, ಪಾಪ, ಬೂಟು ಯಾಕೆ ಬಿಚ್ಚಿದ — ಅಗೋ ಅವಳ ಕಾಲು, ಹೆಂಡತಿಯದು, ನಾಟಕದಲ್ಲೂ ಹೆಂಡತಿಯೇ, ಈಗಷ್ಟೇ ವಿಧವೆಯಾದವಳು, ಬಲಗಾಲಿನ ಕಿರುಬೆರಳಿಗೆ ಅಂಟುಪಟ್ಟಿ, ಬೆಳಗ್ಗೆ ಅವನೇ ಹಾಕಿದ್ದು, ಕೋಣೆಯ ಬಾಗಿಲ ಹಿಂದೆ ಏನಕ್ಕೋ ಎಡವಿದಳು, ರೀ, ಸ್ವಲ್ಪ ಪಟ್ಟಿ ಹಾಕಿ ಅಂದಳು, ಹಾಕಿದ, ಹಾಕುತ್ತಲೇ, ಎದುರುಮನೆಯವರು ಕಾರು ಯಾಕೆ ಮಾರಿದ್ರು ಅಂತೀಯ ಎಂದು ಕೇಳಿದ, ನಂಗೇನ್ ಗೊತ್ತು ಅಂದಳು.

ಕೊಂದವರು ಯಾರು, ಅವನಿಗೂ ಅದೇ ಕುತೂಹಲ. ಚೀಟಿ ಎತ್ತಿದವರು ಮೂವರು, ಹೆಂಡತಿ, ಅಡುಗೆಯವನ ವೇಷದವನು, ಡಾಕ್ಟರ ವೇಷದವನು, ಕಪ್ಪು ಚುಕ್ಕೆಯ ಚೀಟಿ ಸಿಕ್ಕವರೇ ಕೊಲೆಗಾರರು, ನಂಗಾದ್ರೂ ಹೇಳಿ ಮೇಡಂ ಎಂದು ತಂಡದ ಯಜಮಾನಿಯನ್ನು ಪ್ರತಿ ಸಲ ಗೋಗರೆಯುತ್ತಾನೆ, ಹೆಣಕ್ಕೆ ಹೇಳಬಾರದು ಕಣಯ್ಯ, ನಿನ್ನ ಮುಖ ಡಂಗುರ ಸಾರಿಬಿಡುತ್ತೆ. ಯಜಮಾನಿಯ ಕಟ್ಟಳೆ ಒಂದೇ, ಕೊಲೆಗಾರ ಮಾತ್ರ ಸುಳ್ಳು ಹೇಳಬಹುದು, ಮಿಕ್ಕವರು ಕತೆಯಲ್ಲಿಲ್ಲದ ಪ್ರಶ್ನೆ ಬಂದರೆ ತಮ್ಮ ಸ್ವಂತ ಬದುಕಿನದೇ ಉತ್ತರ ಕೊಡಬೇಕು, ಕಟ್ಟಿದ ಮಾತು ಎಲ್ಲಾದರೂ ಸಿಕ್ಕಿಬೀಳುತ್ತೆ, ನಿಜ ಬೀಳಲ್ಲ. ಒಂದು ಊರುಗೋಲು ಬಂದು ಪಟ್ಟಿ ಹಾಕಿದ ಕಾಲಿನ ಎದುರು ನಿಂತಿತು, ಮಾಲೀಕನ ಅಕ್ಕ, ಬಂದಾಗಿನಿಂದ ಎಲ್ಲರನ್ನೂ ಗದರುತ್ತಿರುವ ಮುದುಕಿ, ಅಲ್ಲಮ್ಮಾ, ನಿನ್ನ ಗಂಡ ಸಾಯದೇ ಇದ್ದಿದ್ರೆ ನಾಳೆ ಬೆಳಗ್ಗೆ ಎದ್ದು ಏನು ಮಾಡ್ತಿದ್ದೆ. ಭಲೇ ಅಜ್ಜಿ, ಎಂಥ ಪ್ರಶ್ನೆ, ಕಾಫಿ ಕಾಸ್ತಿದ್ದೆ ಅನ್ನುತ್ತಾಳೆ ನೋಡು — ಬಿಟ್ಟು ಹೋಗ್ತಿದ್ದೆ, ಅಂದಳು. ಎಲ್ಲಿಗೆ. ತಂಗಿ ಮನೆಗೆ, ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. ಹೊಡೀತಿದ್ನಾ. ಛೆ, ಇಲ್ಲ, ಒಳ್ಳೆಯವರು, ಊರಿನವರ ವಿಷಯವೆಲ್ಲ ಬೇಕು ಅವರಿಗೆ, ನನ್ನ ಮಾತ್ರ ಏನೂ ಕೇಳಲ್ಲ, ಕೇಳ್ತಾರೆ ಕೇಳ್ತಾರೆ ಅಂತ ಕಾದೆ, ಸಾಕಾಯ್ತು.

ಉಸಿರು, ಉಸಿರು ಹಿಡಿ, ಹೆಣದ ಹೊಟ್ಟೆ ಏಳುತ್ತಿದೆ. ಸುಳ್ಳು, ಏನು ಚೆನ್ನಾಗಿ ಸುಳ್ಳು ಹೇಳಿದಳು, ಚುಕ್ಕೆ ಅವಳಿಗೇ ಸಿಕ್ಕಿದೆ, ಸಿಕ್ಕಿರಲೇಬೇಕು, ಕೊಲೆಗಾರ್ತಿ ನೀನೇ ಆಗಿರು ಕಣೇ, ವಿಷ ಹಾಕಿದ್ದು ನೀನೇ ಆಗಿರಲಿ, ಇಷ್ಟು ಆಸೆಯಿಂದ ಅವನು ಯಾವ ದೇವರನ್ನೂ ಏನನ್ನೂ ಬೇಡಿದ್ದಿಲ್ಲ — ಬಾಗಿಲ ಹಿಂದೆ ಏನಿತ್ತು, ಕೆಂಪಗಿತ್ತು, ಅಟ್ಟದ ಮೇಲಿರಬೇಕಾದ ಪೆಟ್ಟಿಗೆ, ಕಂಡಿತ್ತಲ್ಲ, ಕಂಡೂ ಅವನು ಕಾರಿನ ವಿಷಯ ಕೇಳಿದ. ಯಾರ್ಯಾರು ಹೆಂಡತಿ ಅಂತೀರಿ, ಕೈ ಎತ್ತಿ, ಅನ್ನುತ್ತಿದ್ದಾಳೆ ಯಜಮಾನಿ, ಬಳೆಗಳ ಸದ್ದು, ತುಂಬ ಕೈಗಳು, ಹಾಂ, ಇಷ್ಟು ಜನ ತಪ್ಪಾಗಲು ಸಾಧ್ಯವೇ, ಅಳಿಯನ ಬೂಟು ಕುಣಿಯುತ್ತಿದೆ, ನಾನು ಆಗ್ಲೇ ಹೇಳ್ಲಿಲ್ವಾ, ಇವಳೇ. ಚೀಟಿ ಬಿಚ್ಚುವ ಸದ್ದು. ಅಡುಗೆಯವನು. ಕಪ್ಪು ಚುಕ್ಕೆ ಅಡುಗೆಯವನದು, ಎಲ್ಲರೂ ಹೋ ಎಂದರು, ಚಪ್ಪಾಳೆ, ಈಗ ಹೆಣ ಎದ್ದು ಕೈಮುಗಿಯಬೇಕು, ಜನ ನಗಬೇಕು, ಏಳಯ್ಯಾ, ಯಜಮಾನಿ ಪಿಸುಗುಟ್ಟುತ್ತಿದ್ದಾಳೆ, ಏಳುತ್ತಾನೆ, ಎದ್ದು ಕೇಳುತ್ತಾನೆ, ಏನಂತ ಕೇಳುವುದು, ಯಾವುದಕ್ಕೆ ಎಡವಿದೆ ಎಂದೇ, ಬೆಳಗ್ಗೆ ಕೇಳಬೇಕಿದ್ದದ್ದು, ಅವಳ ಕಾಲು ಅಲ್ಲೇ ಇದೆ, ಮೂಗಿನಿಂದ ಗೇಣು ದೂರದಲ್ಲಿ, ಕಿರುಬೆರಳು, ಪಟ್ಟಿ, ಒಂದು ತುದಿ ಬಿಟ್ಟುಕೊಂಡು ನಿಂತ ಪಟ್ಟಿ