ಕಂಬಳಿ ಹೊದ್ದ ಅನ್ನ

"ಅಯ್ಯ ಇದರ! ಅನ್ನಕ್ಕ ಕರಿ ಕಂಬಳಿ ಹೊದಿಸ್ಯಾರಲ್ಲವ್ವಾ!"

ಮಾನಪ್ಪ ಸುಶಿ ಎಂಬ ಜಪಾನಿ ತಿನಿಸಿನ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. ನಲವತ್ತು ವರ್ಷ ಕುರಿ ಕಾದವನ ಕಣ್ಣಿಗೆ ಮತ್ತೇನು ಕಾಣಬೇಕು?

"ಸಮುದ್ರದಾಗಿನ ಸೊಪ್ಪಪ್ಪಾ ಅದು, ಒಣಗಿಸಿ ಹಾಳಿ ಮಾಡಿರ್ತಾರ. ಒಳಗ ಸೌತಿಕಾಯಿ ಐತಿ, ತಿನ್ನು," ಎಂದಳು ಮಗಳು ಸೌಭಾಗ್ಯ.

ಎರಡು ವರ್ಷದ ಹಿಂದೆ ಅವಳು ಯಾರಿಗೂ ಹೇಳದೆ ಮಲ್ಲುವನ್ನು ರಿಜಿಸ್ಟರ್ ಮದುವೆಯಾದಾಗ, ಮಾನಪ್ಪ ತಮ್ಮೂರು ಬಳಿಚಕ್ರದ ಕಟ್ಟೆಯ ಮೇಲೆ ಹತ್ತು ಮಂದಿಯೆದುರು ಆಣೆ ಹಾಕಿದ್ದ: "ಆ ಹೋಟೆಲ್ ಅಡಗಿಯಾಂವನ ಮನ್ಯಾಗ ನೀರ ಸೈತ ಮುಟ್ಟಂಗಿಲ್ಲ." ಆಣೆ ಮನೆಗೆ, ಹೋಟೆಲಿಗಲ್ಲವಲ್ಲ! ಹೋಟೆಲು ಯಾರಪ್ಪನ ಮನೆಯೂ ಅಲ್ಲ ಎಂದು ಫೋನಿನಲ್ಲಿ ತಿಂಗಳುಗಟ್ಟಲೆ ವಾದಿಸಿ ಅವಳು ಅಪ್ಪನನ್ನು ಯಾದಗಿರಿಗೆ ಕರೆಸಿದ್ದಳು. ಹೈದರಾಬಾದಿನಲ್ಲಿ ಸುಶಿ ಕಲಿತು ಬಂದ ಮಲ್ಲು ಈ ಹೋಟೆಲಿನಲ್ಲೇ ಅಡಿಗೆಯವನು. ಅಪ್ಪ ಅವನೊಂದಿಗೆ ಒಂದು ಮಾತಾಡಿದರೆ ಸಾಕು, ಜೀವ ತಣ್ಣಗಾಗುತ್ತಿತ್ತು ಅವಳಿಗೆ.

ಮಾನಪ್ಪನೋ, ಮಲ್ಲು ತಟ್ಟೆ ತಂದಾಗಲೆಲ್ಲ ಗೋಡೆ ನೋಡುತ್ತಿದ್ದ. ತಿನ್ನುವುದನ್ನು ಮಾತ್ರ ಬಿಡಲಿಲ್ಲ.

"ಎಷ್ಟರ ತರ್ತಾರವ್ವ?"

"ಬೇಕಾದಷ್ಟು ತಿನ್ನೂ ಹೋಟೆಲಪ್ಪಾ ಇದು. ನೀ ಸಾಕಂದ್ರ ನಿಲ್ಲಸ್ತಾರ."

ನಾಲ್ಕನೆಯ ತಟ್ಟೆ ಬಂದಾಗ ಮಾನಪ್ಪ ಎರಡೂ ಕೈ ಅಡ್ಡ ಹಿಡಿದು, "ಸಾಕ್, ಸಾಕ್," ಎಂದು ಗೋಡೆಗೇ ಹೇಳಿದ. ನಮ್ಮ ಕಡೆ ಆ ಮಾತನ್ನು ಯಾರು ನಂಬುತ್ತಾರೆ? ಮಲ್ಲು ಅಭ್ಯಾಸಬಲದಿಂದ ಬೆರಳ ಸಂದಿಯಲ್ಲೇ ಎರಡು ತುಂಡು ಇಳಿಸಿಬಿಟ್ಟ. "ನಂದೊಂದು ತಗೋರಿ ಮಾವಾರ."

ಮಾನಪ್ಪ ತಲೆ ಎತ್ತಿದ. ಎದುರಿಗೆ ಬೆವತ ಮುಖ, ಬಟ್ಟೆ ಸುತ್ತಿದ ಹೆಬ್ಬೆರಳು. ಮಲ್ಲು ನಾಲಿಗೆ ಕಚ್ಚಿಕೊಂಡು ಒಳಗೆ ಹೋದ.

"ಅಂವ ಉಂಡಾನೇನು?"

"ಇಲ್ಲಪ್ಪಾ. ಗಿರಾಕಿ ಎದ್ದ ಮ್ಯಾಲೇ ಉಣ್ತಾರ."

ಮಾನಪ್ಪ ತಟ್ಟೆ ದೂಡಿ ಧಡಕ್ಕನೆ ಎದ್ದು ನಿಂತ. ಕೆಟ್ಟಿತಲ್ಲ ಎಂದುಕೊಂಡಳು ಸೌಭಾಗ್ಯ. ಅವನು ನೇರ ಗಲ್ಲಾದಲ್ಲಿದ್ದ ಮಾಲೀಕ ಏಜಾಜನ ಮುಂದೆ ಹೋಗಿ ನಿಂತ.

"ಸಾವ್ಕಾರ್ರ, ಅಳ್ಯಾ ಹಸದು ನಿಂತು ಬಡಸಾಕತ್ತಾನ, ನಾ ಕುಂತು ತಿನ್ನಾಕತ್ತೀನಿ. ನಮ್ಮ ಮಂದಿ ಕೇಳಿದ್ರ ಮಾರಿಗೆ ಉಗೀತಾರ. ಅಂವನ್ನ ಉಣ್ಣಾಕ ಕಳಸ್ರಿ."

ಏಜಾಜ ನಕ್ಕ. "ಹೋಗ್ಲಿ ಬಿಡ್ರಿ, ಮಂದೀನೂ ಕಮ್ಮಿ ಐತಿ. ಏ ಮಲ್ಲು! ಬಾರೋ, ಉಣ್ಣು."

ಅಳಿಯ! ಸೌಭಾಗ್ಯ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಆಡಿಕೊಂಡಳು. ಖುಷಿಗೆ ಅವಳ ಕಣ್ಣು ತುಂಬಿತು.

ಮಲ್ಲು ಟೊಪ್ಪಿಗೆ ತೆಗೆದು ಕುರ್ಚಿಯ ತುದಿಗೆ ಕೂತ. ಹಸಿದಿದ್ದ ಪಾಪ, ಒಂದೇ ಸಲಕ್ಕೆ ಎರಡು ತುಂಡು ಬಾಯಿಗಿಟ್ಟ. ಮಾನಪ್ಪ ಅವನನ್ನೇ ನೋಡಿದ, ಕೆಮ್ಮಿದ, ಮೀಸೆ ಸವರಿಕೊಂಡ.

"ಸಾವಕಾಶ ಉಣ್ರಿ. ನಿಮ್ಮ ಮನಿ ಇಲ್ಲಿಂದ ಭಾಳ ದೂರೇನ್ರಿ?"

ಬಾಯಿ ತುಂಬ ಅನ್ನವಿದ್ದ ಮಲ್ಲು ಮಾತಾಡಲಾರದೆ, ಕಿಟಕಿಯಾಚೆ ಕೈ ಮಾಡಿ ತೋರಿಸಿದ.